ಥಾಯ್ ಖಾವ್ ಪಟ್ ಮನೆಯ ಬಾಣಲೆಯಲ್ಲಿ: ಸಸ್ಯಾಹಾರಿ ಫ್ರೈಡ್ ರೈಸಿಗೆ ಸಮಗ್ರ ಮಾರ್ಗದರ್ಶಿ

ಥಾಯ್ಲೆಂಡಿನಲ್ಲಿ ಫ್ರೈಡ್ ರೈಸಿಗೆ ಖಾವ್ ಪಟ್ ಎನ್ನುತ್ತಾರೆ. ಖಾವ್ ಅಂದರೆ ಅನ್ನ, ಪಟ್ ಅಂದರೆ ಬಾಣಲೆಯಲ್ಲಿ ಹುರಿದದ್ದು. ಹುರಿಯುವ ವಿಧಾನ ಚೀನೀ ವಲಸಿಗರ ಜೊತೆ ಅಲ್ಲಿಗೆ ಬಂತು, ರುಚಿ ಮಾತ್ರ ಅಲ್ಲಿನದೇ ಆಯಿತು. ನಮ್ಮ ಬೀದಿಯ ಚೈನೀಸ್ ಗಾಡಿಯ ಫ್ರೈಡ್ ರೈಸ್ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಮಾಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಇದಕ್ಕೆ ವಿನಿಗರ್ ಇಲ್ಲ, ಚಿಲ್ಲಿ ಸಾಸ್ ಇಲ್ಲ. ಅನ್ನ ಕಪ್ಪಗಿರುವುದಿಲ್ಲ, ತಿಳಿ ಕಂದು ಬಣ್ಣದಲ್ಲಿರುತ್ತದೆ. ಹುಳಿ ಮತ್ತು ಖಾರ ಬಾಣಲೆಯಲ್ಲಿ ಬೀಳುವುದೇ ಇಲ್ಲ. ತಟ್ಟೆಗೆ ಬಡಿಸಿದ ಮೇಲೆ ತಿನ್ನುವವರು ತಮಗೆ ಬೇಕಾದಷ್ಟು ಹಾಕಿಕೊಳ್ಳುತ್ತಾರೆ.

ಥಾಯ್ ಅಂದ ತಕ್ಷಣ ತೆಂಗಿನ ಹಾಲು, ಮಜ್ಜಿಗೆ ಹುಲ್ಲು ಹಾಕಬೇಕು ಎಂದುಕೊಳ್ಳುವವರು ಬಹಳ. ಅವು ಅಲ್ಲಿನ ಸಾರು, ಗೊಜ್ಜುಗಳಿಗೆ ಸೇರಿದವು. ಖಾವ್ ಪಟ್‌ಗೆ ತೆಂಗಿನ ಹಾಲು ಸುರಿದರೆ ಅನ್ನ ನೆನೆದು ಮುದ್ದೆಯಾಗುತ್ತದೆ, ಅಷ್ಟೆ. ಈ ಅಡುಗೆಯ ಗುಟ್ಟೆಲ್ಲ ನೀರನ್ನು ದೂರ ಇಡುವುದರಲ್ಲಿದೆ. ಅನ್ನದಲ್ಲಿನ ನೀರು, ತರಕಾರಿಯ ನೀರು, ತೋಫುವಿನ ನೀರು, ತೊಳೆದ ಬಾಣಲೆಯಲ್ಲಿ ಉಳಿದ ನೀರು, ಒಂದೊಂದನ್ನೂ ಒಲೆ ಹಚ್ಚುವ ಮೊದಲೇ ಕಳೆದಿದ್ದರೆ ಮಿಕ್ಕದ್ದು 10 ನಿಮಿಷದ ಕೆಲಸ.

ಇಬ್ಬರಿಗೆ ಬೇಕಾಗುವುದು

- ಅಕ್ಕಿ 1 ಕಪ್ (200 ಗ್ರಾಂ). ಬೆಂದ ಮೇಲೆ ಸುಮಾರು 3 ಕಪ್ ಅನ್ನ
- ಗಟ್ಟಿ ತೋಫು 150 ಗ್ರಾಂ
- ಬೆಳ್ಳುಳ್ಳಿ 6 ಸಣ್ಣ ಎಸಳು
- ಕೊತ್ತಂಬರಿ ಬೇರು 4, ಒಂದಿಂಚು ದಂಟಿನ ಜೊತೆ
- ಬಿಳಿ ಕಾಳುಮೆಣಸು ಅರ್ಧ ಟೀ ಚಮಚ
- ಈರುಳ್ಳಿ 1, ಮಧ್ಯಮ ಗಾತ್ರ
- ಬೀನ್ಸ್ 6, ಬೇಬಿ ಕಾರ್ನ್ 4
- ನವಿಲುಕೋಸಿನ ಎಳೆ ಎಲೆ ಒಂದು ಹಿಡಿ
- ಗಟ್ಟಿ ಟೊಮೆಟೊ 1
- ಈರುಳ್ಳಿ ಹೂವು (ಸ್ಪ್ರಿಂಗ್ ಆನಿಯನ್) 2 ಕಡ್ಡಿ
- ಎಣ್ಣೆ 3 ಟೇಬಲ್ ಚಮಚ. ಸೂರ್ಯಕಾಂತಿ ಅಥವಾ ಶೇಂಗಾ
- ಲೈಟ್ ಸೋಯಾ ಸಾಸ್ ಒಂದೂವರೆ ಟೇಬಲ್ ಚಮಚ
- ಅಣಬೆಯಿಂದ ಮಾಡಿದ ಸಸ್ಯಾಹಾರಿ ಆಯ್ಸ್ಟರ್ ಸಾಸ್ 2 ಟೀ ಚಮಚ
- ಸಕ್ಕರೆ ಮುಕ್ಕಾಲು ಟೀ ಚಮಚ
- ಬಡಿಸಲು ಸೌತೆಕಾಯಿ, ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು

ಉಪ್ಪನ್ನು ಬೇಕೆಂದೇ ಬರೆದಿಲ್ಲ. ಒಂದು ಟೇಬಲ್ ಚಮಚ ಸೋಯಾ ಸಾಸಿನಲ್ಲಿ ಸುಮಾರು ಎರಡೂವರೆ ಗ್ರಾಂ ಉಪ್ಪಿರುತ್ತದೆ. ಅನ್ನಕ್ಕೂ ಹಾಕಿ, ತರಕಾರಿಗೂ ಉದುರಿಸಿ, ಕೊನೆಗೆ ಸಾಸನ್ನೂ ಸುರಿದರೆ ಬಾಯಿಗಿಡಲಾಗದು.

ಅನ್ನ: ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ

ಥಾಯ್ಲೆಂಡಿನಲ್ಲಿ ಬಳಸುವುದು ಹೋಮ್ ಮಲಿ, ಅಂಗಡಿಗಳಲ್ಲಿ ಜಾಸ್ಮಿನ್ ರೈಸ್ ಎಂದು ಸಿಗುತ್ತದೆ. ಹೆಸರು ಮಲ್ಲಿಗೆಯದಾದರೂ ಪರಿಮಳ ಬಾಸುಮತಿಯದಕ್ಕೆ ಹತ್ತಿರ. ಎರಡರಲ್ಲೂ ಘಮ ಕೊಡುವ ಮುಖ್ಯ ಅಂಶ ಒಂದೇ. ಆದರೆ ಹೋಮ್ ಮಲಿ ಸ್ವಭಾವತಃ ಮೆದು, ತುಸು ಅಂಟು. ಒಂದು ಕಪ್‌ಗೆ ಒಂದೂಕಾಲು ಕಪ್ ನೀರು ಮೀರಬಾರದು. ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಸಿಗದಿದ್ದರೆ ಹುಡುಕಿ ಸುಸ್ತಾಗಬೇಡಿ, ಮನೆಯ ಸೋನಾ ಮಸೂರಿಯೇ ಚೆನ್ನಾಗಿ ಒದಗುತ್ತದೆ. ಹಳೆ ಅಕ್ಕಿ ಆಗಿರಬೇಕು. ಹೊಸ ಅಕ್ಕಿ ಎಷ್ಟೇ ಎಚ್ಚರದಿಂದ ಬೇಯಿಸಿದರೂ ಅಂಟಿಕೊಳ್ಳುತ್ತದೆ. ಬಾಸುಮತಿ ಉದುರುದುರಾಗಿ ಬರುತ್ತದೆ, ಆದರೆ ಉದ್ದ ಅಗುಳು ಸೌಟಿನ ಏಟಿಗೆ ಮುರಿಯುತ್ತದೆ. ತಿಂದಾಗ ಪುಲಾವಿನ ನೆನಪೂ ಬರುತ್ತದೆ.

ಸೋನಾ ಮಸೂರಿಯನ್ನು ಕುಕ್ಕರಿನಲ್ಲಿ ಒಂದಕ್ಕೆರಡು ನೀರಿಟ್ಟು ಮೂರು ವಿಷಲ್ ಕೂಗಿಸುವ ರೂಢಿಯನ್ನು ಇವತ್ತಿನ ಮಟ್ಟಿಗೆ ಬಿಡಿ. ಹಿಂದಿನವರು ಮಾಡುತ್ತಿದ್ದಂತೆ ಬಸಿದ ಅನ್ನ ಮಾಡಿ. ಅಕ್ಕಿಯನ್ನು ಮೂರು ನಾಲ್ಕು ಸಲ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಅಗುಳಿನ ಮೇಲೆ ಕೂತ ಹಿಟ್ಟು ಹೋಗಬೇಕು, ಅಂಟಿಗೆ ಅದೂ ಒಂದು ಕಾರಣ. 20 ನಿಮಿಷ ನೆನೆಸಿ, ಕುದಿಯುತ್ತಿರುವ ಒಂದೂವರೆ ಲೀಟರ್ ನೀರಿಗೆ ಹಾಕಿ. 7ನೇ ನಿಮಿಷದಿಂದ ಅಗುಳು ಹಿಚುಕಿ ನೋಡುತ್ತಿರಿ. ಬೆರಳಿನ ನಡುವೆ ಸುಲಭವಾಗಿ ಒಡೆಯಬೇಕು, ಆದರೆ ನಡುವೆ ಕಡ್ಡಿಯಷ್ಟು ಬಿಗಿ ಉಳಿದಿರಬೇಕು. ಆಗಲೇ ಬಸಿಯಿರಿ. ತೆಳಿ ಪೂರ್ತಿ ಇಳಿಯಲು 5 ನಿಮಿಷ ಬಿಟ್ಟು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡಿ. ಅರ್ಧ ಗಂಟೆಯಲ್ಲಿ ಮೇಲಿನ ಪಸೆ ಆರಿ, ಮುಟ್ಟಿದರೆ ಕೈಗೆ ಅಂಟದ ಹದಕ್ಕೆ ಬರುತ್ತದೆ. ಚಿತ್ರಾನ್ನಕ್ಕೆ ಆರಿಸುವಾಗ ಎಣ್ಣೆ ಸವರುವವರಿದ್ದಾರೆ. ಇಲ್ಲಿ ಬೇಡ, ಎಣ್ಣೆ ಮೆತ್ತಿಕೊಂಡ ಅಗುಳಿಗೆ ಸಾಸ್ ಹಿಡಿಯುವುದಿಲ್ಲ.

ಹಿಂದಿನ ದಿನದ ಅನ್ನ ಇನ್ನೂ ಒಳ್ಳೆಯದು. ತಣ್ಣಗಾದಾಗ ಅನ್ನದ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ, ಫ್ರಿಜ್ಜಿನ ಚಳಿಯಲ್ಲಿ ಇದು ಬೇಗ ಆಗುತ್ತದೆ. ಅದಕ್ಕೇ ಫ್ರಿಜ್ಜಿನ ಅನ್ನ ಗಡುಸು, ಅದಕ್ಕೇ ಬಾಣಲೆಯಲ್ಲಿ ಮುರಿಯದೆ ಕುಣಿಯುತ್ತದೆ. ಗಂಟು ಕಟ್ಟಿದ್ದರೆ ಒಲೆ ಹಚ್ಚುವ ಮೊದಲೇ ಒದ್ದೆ ಬೆರಳಿನಿಂದ ಬಿಡಿಸಿಕೊಳ್ಳಿ. ಬಾಣಲೆಯಲ್ಲಿ ಸೌಟಿನಿಂದ ಕುಟ್ಟಿ ಬಿಡಿಸಲು ಹೋದರೆ ನುಚ್ಚಾಗುತ್ತದೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ರಾತ್ರಿಯ ಅನ್ನವನ್ನು ಪಾತ್ರೆ ಮುಚ್ಚಿ ಅಡುಗೆಕಟ್ಟೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ ಒಗ್ಗರಣೆ ಹಾಕುವುದು ಅನೇಕ ಮನೆಗಳ ರೂಢಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಹುಳಿ ವಾಸನೆ ಬಾರದಿದ್ದರೂ ವಾಂತಿ ತರಿಸಬಹುದು. ಆದ್ದರಿಂದ ನಾಳೆಗೆಂದು ಮಾಡಿದ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಬೆಂದ ಒಂದು ಗಂಟೆಯೊಳಗೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನವೇ ಮುಗಿಸಿ. ಹೊರಗೇ ಉಳಿದ ಅನ್ನದಿಂದ ಖಾವ್ ಪಟ್ ಮಾಡಬೇಡಿ.

ಕುಟ್ಟಿದ ಮಸಾಲೆ

ಬೆಳ್ಳುಳ್ಳಿ, ಕೊತ್ತಂಬರಿ ಬೇರು, ಕಾಳುಮೆಣಸು: ಈ ಮೂರನ್ನು ಸೇರಿಸಿ ಕುಟ್ಟಿದ ಮಸಾಲೆಗೆ ಥಾಯ್ ಅಡುಗೆಯಲ್ಲಿ "ಸಾಮ್ ಕ್ಲರ್" ಎನ್ನುತ್ತಾರೆ, ಮೂವರು ಗೆಳೆಯರು ಎಂದರ್ಥ. ಎಲ್ಲ ಖಾವ್ ಪಟ್‌ನಲ್ಲೂ ಇದು ಇರುವುದಿಲ್ಲ, ಬರೀ ಜಜ್ಜಿದ ಬೆಳ್ಳುಳ್ಳಿಯಲ್ಲೇ ಮುಗಿಸುವವರಿದ್ದಾರೆ. ಆದರೆ ಮೀನಿನ ಸಾಸೂ ಮೊಟ್ಟೆಯೂ ಇಲ್ಲದ ಸಸ್ಯಾಹಾರಿ ತಟ್ಟೆಗೆ ಆಳ ಕೊಡುವುದು ಇದೇ. ಬಿಡಬೇಡಿ.

ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಬೇರು ಸಮೇತ ಬರುವುದು ಅದೃಷ್ಟ. ವಿದೇಶದಲ್ಲಿರುವವರಿಗೆ ಕತ್ತರಿಸಿದ ಕಟ್ಟೇ ಸಿಗುತ್ತದೆ. ಅಂಥವರು ಬುಡದ ದಪ್ಪ ದಂಟನ್ನು ಎರಡು ಪಟ್ಟು ಹಾಕಿಕೊಳ್ಳಬೇಕು. ಬೇರಿನ ಕವಲುಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ನೀರಿನಲ್ಲಿ 10 ನಿಮಿಷ ನೆನೆಸಿಟ್ಟು ಉಗುರಿನಿಂದ ಕೆರೆದು ತೊಳೆಯಿರಿ. ಒಂದು ಕಲ್ಲಿನ ಹರಳು ಹಲ್ಲಿಗೆ ಸಿಕ್ಕರೂ ಊಟ ಕೆಟ್ಟಿತು.

ಬಿಳಿ ಕಾಳುಮೆಣಸು ನಮ್ಮ ಕರಿಮೆಣಸಿನದೇ ಹಣ್ಣು. ನೆನೆಸಿ ಸಿಪ್ಪೆ ಕಳೆದದ್ದು. ಮಲೆನಾಡಿನ ಕಡೆ ಬೋಳುಕಾಳು ಎಂದು ಕೇಳಿದರೆ ಕೊಡುತ್ತಾರೆ. ಅದರ ಘಾಟು ಬೇರೆಯೇ, ಥಾಯ್ ರುಚಿಯ ಗುರುತೂ ಅದೇ. ಕರಿಮೆಣಸು ಹಾಕಿದರೆ ಕೆಡುವುದಿಲ್ಲ, ಪರಿಮಳ ಮಾತ್ರ ನಮ್ಮ ಸಾರಿನತ್ತ ವಾಲುತ್ತದೆ.

ಮೊದಲು ಮೆಣಸನ್ನು ಕುಟ್ಟಾಣಿಯಲ್ಲಿ ಪುಡಿ ಮಾಡಿ, ಆಮೇಲೆ ಬೇರು, ಕೊನೆಗೆ ಬೆಳ್ಳುಳ್ಳಿ. ಗಟ್ಟಿಯಾದದ್ದು ಮೊದಲು ಎನ್ನುವುದೇ ಕ್ರಮ. ತರಿತರಿಯಾಗಿರಲಿ. ಮಿಕ್ಸಿಯಲ್ಲಿ ಇಷ್ಟು ಸ್ವಲ್ಪ ಮಸಾಲೆ ತಿರುಗುವುದಿಲ್ಲ, ನೀರು ಹಾಕಿ ತಿರುಗಿಸಿದರೆ ಎಣ್ಣೆಯಲ್ಲಿ ಹುರಿಯುವ ಬದಲು ಬೇಯುತ್ತದೆ.

ಸಾಸ್ ಮತ್ತು ತರಕಾರಿ

ಮೂಲ ಖಾವ್ ಪಟ್‌ನಲ್ಲಿ ಉಪ್ಪು ಬರುವುದು ನಾಮ್ ಪ್ಲಾ ಎಂಬ ಮೀನಿನ ಸಾಸಿನಿಂದ, ಹಲವೆಡೆ ಆಯ್ಸ್ಟರ್ ಸಾಸಿನಿಂದ. ಆಯ್ಸ್ಟರ್ ಸಾಸ್ ಚಿಪ್ಪುಜೀವಿಯ ಸಾರದಿಂದ ಆದದ್ದು, ಬರೀ ಹೆಸರಲ್ಲ. ಅಣಬೆಯಿಂದ ಮಾಡಿದ್ದು ಬೇರೆ ಸಿಗುತ್ತದೆ, ಬಾಟಲಿಯ ಮೇಲೆ ಹಸಿರು ಚುಕ್ಕಿ ನೋಡಿ ತನ್ನಿ. ಥಾಯ್ ಕರಿ ಪೇಸ್ಟ್ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಅದರಲ್ಲಿ ಸಾಮಾನ್ಯವಾಗಿ ಸೀಗಡಿ ಪೇಸ್ಟ್ ಇರುತ್ತದೆ.

ಸೋಯಾ ಸಾಸ್ ಲೈಟ್ ಆಗಿರಲಿ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೈಗಿಡುವ ಡಾರ್ಕ್ ಸೋಯಾ ಸಾಸ್ ಬಣ್ಣಕ್ಕೆಂದು ಇರುವುದು, ಒಂದೂವರೆ ಚಮಚ ಹಾಕಿದರೆ ಅನ್ನ ಮಸಿಯಂತಾಗುತ್ತದೆ. ಅದೇ ಇದ್ದರೆ ಅರ್ಧ ಟೀ ಚಮಚ ಸಾಕು, ಉಳಿದ ಕೊರತೆಗೆ ಉಪ್ಪು ಹಾಕಿಕೊಳ್ಳಿ. ಎರಡೂ ಸಾಸು, ಸಕ್ಕರೆ ಮೂರನ್ನೂ ಬಟ್ಟಲಿನಲ್ಲಿ ಕಲಸಿ ಒಲೆಯ ಪಕ್ಕ ಇಡಿ. ಹುರಿಯುವಾಗ ಬಾಟಲಿ ತೆರೆದು ಅಳೆಯುತ್ತ ನಿಲ್ಲುವಷ್ಟು ಹೊತ್ತಿಗೆ ಬೆಳ್ಳುಳ್ಳಿ ಸೀದಿರುತ್ತದೆ.

ಅಲ್ಲಿ ಇದಕ್ಕೆ ಹೆಚ್ಚಾಗಿ ಹಾಕುವ ಸೊಪ್ಪು ಖನಾ, ಎಲೆಕೋಸಿನ ಜಾತಿಯದು. ನವಿಲುಕೋಸೂ ಅದೇ ಸಸ್ಯಪ್ರಭೇದ. ನಾವು ಗಡ್ಡೆ ಇಟ್ಟುಕೊಂಡು ಬಿಸಾಡುವ ಅದರ ಎಳೆ ಎಲೆ ಖನಾಗೆ ಬಹಳ ಹತ್ತಿರ. ದಂಟನ್ನು ಓರೆಯಾಗಿ ತೆಳ್ಳಗೆ, ಎಲೆಯನ್ನು ಎರಡು ಬೆರಳಗಲಕ್ಕೆ ಹೆಚ್ಚಿ, ಬೇರೆ ಬೇರೆ ಇಡಿ. ಬೀನ್ಸ್, ಬೇಬಿ ಕಾರ್ನ್ ಓರೆಯಾಗಿ ತೆಳ್ಳಗೆ. ಈರುಳ್ಳಿಯನ್ನು ಸಣ್ಣಗೆ ಹೆಚ್ಚದೆ ಹೋಳುಗಳಾಗಿ ಸೀಳಿ, ಪದರ ಬಿಡಿಸಿ. ಟೊಮೆಟೊವನ್ನು ಎಂಟು ಹೋಳು ಮಾಡಿ ಬೀಜದ ತಿರುಳನ್ನು ತೆಗೆದುಬಿಡಿ, ನೀರೆಲ್ಲ ಅದರಲ್ಲಿದೆ. ತರಕಾರಿ ಎಲ್ಲ ಸೇರಿ ಅನ್ನದ ಅರ್ಧಕ್ಕಿಂತ ಕಡಿಮೆ ಇರಬೇಕು. ಪೌಷ್ಟಿಕವಾಗಲಿ ಎಂದು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಹೆಚ್ಚಿ ಹಾಕಿದರೆ ಬಾಣಲೆ ತಣ್ಣಗಾಗಿ ಪಲ್ಯವಾಗುತ್ತದೆ.

ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಮೇಲೊಂದು ಭಾರದ ಪಾತ್ರೆ ಇಟ್ಟು 15 ನಿಮಿಷ ಬಿಡಿ, ಆಮೇಲೆ ಅರ್ಧ ಇಂಚಿನ ತುಂಡು ಮಾಡಿ. ತೋಫು ಹಿಡಿಸದಿದ್ದರೆ ಪನೀರ್ ಹಾಕಬಹುದು, ಆದರೆ ಪನೀರು ಸೋಯಾ ಸಾಸನ್ನು ಒಳಗೆ ಎಳೆದುಕೊಳ್ಳುವುದಿಲ್ಲ.

ಹುರಿಯುವುದು

ಕಬ್ಬಿಣದ ಬಾಣಲೆ ಇದ್ದರೆ ಅದೇ. ನಾನ್‌ಸ್ಟಿಕ್ ಬೇಡ, ಇಷ್ಟು ಉರಿಗೆ ಅದರ ಲೇಪ ಹಾಳಾಗುತ್ತದೆ. ಅಂಗಡಿಯವರ ಒಲೆಯ ಉರಿ ನಮ್ಮ ಗ್ಯಾಸಿಗಿಲ್ಲ. ಆ ಕೊರತೆ ತುಂಬಲು ಇರುವ ದಾರಿ ಒಂದೇ: ಕಡಿಮೆ ಪ್ರಮಾಣದಲ್ಲಿ, ಸರದಿಯ ಮೇಲೆ ಹುರಿಯುವುದು. ಅನ್ನವನ್ನು ಒಂದು ಸಲಕ್ಕೆ ಒಂದು ತಟ್ಟೆಯಷ್ಟೇ ಹುರಿಯಿರಿ. ನಾಲ್ವರಿಗೆ ಮಾಡಬೇಕಿದ್ದರೆ ನಾಲ್ಕು ಸಲ. ಬೇಗ ಮುಗಿಯಲಿ ಎಂದು ಒಟ್ಟಿಗೆ ಸುರಿದರೆ ಆವಿ ಹೊರಗೆ ಹೋಗಲಾರದೆ ಅನ್ನ ಮತ್ತೆ ಬೇಯತೊಡಗುತ್ತದೆ.

1. ಒಣ ಬಾಣಲೆಯನ್ನು ದೊಡ್ಡ ಉರಿಯಲ್ಲಿ 2 ನಿಮಿಷ ಕಾಯಿಸಿ, 1 ಟೇಬಲ್ ಚಮಚ ಎಣ್ಣೆ ಹಾಕಿ ಸುತ್ತ ಹರಡಿ. ತೋಫು ಹಾಕಿ ಮುಟ್ಟದೆ ಒಂದೂವರೆ ನಿಮಿಷ ಬಿಡಿ. ಹೊಂಬಣ್ಣಕ್ಕೆ ಬಂದರೆ ತಾನಾಗಿ ತಳ ಬಿಡುತ್ತದೆ, ಮೊದಲೇ ಕೆದಕಿದರೆ ಹರಿದು ಅಂಟುತ್ತದೆ. ಎರಡೂ ಬದಿ ಆದ ಮೇಲೆ ತೆಗೆದಿಡಿ.

2. ಅದೇ ಬಾಣಲೆಗೆ ಬೀನ್ಸ್, ಬೇಬಿ ಕಾರ್ನ್, ಸೊಪ್ಪಿನ ದಂಟು. ದೊಡ್ಡ ಉರಿಯಲ್ಲಿ ಒಂದೂವರೆ ನಿಮಿಷ. ಈರುಳ್ಳಿ ಹಾಕಿ ಇನ್ನರ್ಧ ನಿಮಿಷ. ಬೀನ್ಸ್ ಕಚ್ಚಿದರೆ ಕಟಕ್ ಎನ್ನಬೇಕು. ತೆಗೆದು ತೋಫುವಿನ ಜೊತೆ ಇಡಿ.

3. ಈಗ ಮೊದಲ ತಟ್ಟೆ. 1 ಟೇಬಲ್ ಚಮಚ ಎಣ್ಣೆ ಹಾಕಿ ಉರಿಯನ್ನು ಮಧ್ಯಮಕ್ಕೆ ಇಳಿಸಿ. ಕುಟ್ಟಿದ ಮಸಾಲೆಯ ಅರ್ಧವನ್ನು ಹಾಕಿ 20 ಸೆಕೆಂಡು ಆಡಿಸಿ. ಬೆಳ್ಳುಳ್ಳಿಯ ಅಂಚು ಹಳದಿಗೆ ತಿರುಗಿತೋ ಇಲ್ಲವೋ, ಅನ್ನದ ಅರ್ಧ ಬಿದ್ದಿರಬೇಕು. ಕಂದಾಗುವವರೆಗೆ ಕಾದರೆ ಇಡೀ ತಟ್ಟೆ ಕಹಿ.

4. ಉರಿ ಮತ್ತೆ ಪೂರ್ತಿ. ಸಟ್ಟುಗದ ಬೆನ್ನಿನಿಂದ ಅನ್ನವನ್ನು ಬಾಣಲೆಗೆ ಹರಡಿ ಒತ್ತಿ, 15 ಸೆಕೆಂಡು ಬಿಡಿ, ತಳದಿಂದ ಎತ್ತಿ ಮಗುಚಿ, ಮತ್ತೆ ಹರಡಿ. ಒಂದೇ ಸಮನೆ ಕಲಕುತ್ತಿದ್ದರೆ ಅನ್ನಕ್ಕೆ ಬಾಣಲೆಯ ಬಿಸಿ ತಾಗುವುದೇ ಇಲ್ಲ. ಎರಡು ನಿಮಿಷ ಕಳೆಯುವ ಹೊತ್ತಿಗೆ ಸದ್ದು ಬದಲಾಗುತ್ತದೆ. ಮೊದಲು ಮೆತ್ತಗೆ ಸುಯ್ ಎನ್ನುತ್ತಿದ್ದದ್ದು ಆಮೇಲೆ ಚಿಟಿಚಿಟಿ ಎನ್ನುತ್ತದೆ, ಅಲ್ಲೊಂದು ಇಲ್ಲೊಂದು ಅಗುಳು ಬಾಣಲೆಯ ಗೋಡೆಯ ಮೇಲೆ ಪುಟಿಯುತ್ತದೆ. ಅನ್ನ ಒಣಗಿದೆ ಎನ್ನುವ ಗುರುತು ಅದು. ಅದಕ್ಕಿಂತ ಮೊದಲು ಸಾಸ್ ಹಾಕಬೇಡಿ.

5. ಕಲಸಿಟ್ಟ ಸಾಸಿನ ಅರ್ಧವನ್ನು ಅನ್ನದ ಮೇಲಲ್ಲ, ಬಾಣಲೆಯ ಬಿಸಿ ಅಂಚಿನ ಸುತ್ತ ಹನಿಸಿ. ಬಿಸಿ ಕಬ್ಬಿಣ ತಾಗಿದ ಕ್ಷಣವೇ ಸಾಸ್ ಕುದಿದು, ಅದರ ನೀರು ಆವಿಯಾಗಿ, ಸಕ್ಕರೆ ತುಸು ಕಂದುತ್ತದೆ. ಅಂಗಡಿಯ ಫ್ರೈಡ್ ರೈಸಿನ ಆ ಹೊಗೆ ವಾಸನೆಯ ಒಂದು ಪಾಲು ಇಲ್ಲಿಂದ ಬರುವುದು. ಅನ್ನದ ನಡುವೆಯೇ ಸುರಿದರೆ ಬಿದ್ದ ಕಡೆ ಕಪ್ಪು, ಉಳಿದ ಕಡೆ ಬಿಳಿ.

6. ತೋಫು ಮತ್ತು ತರಕಾರಿಯ ಅರ್ಧ, ಸೊಪ್ಪಿನ ಎಲೆಯ ಅರ್ಧ ಹಾಕಿ ಅರ್ಧ ನಿಮಿಷ ಮಗುಚಿ. ಕೊನೆಗೆ ಟೊಮೆಟೊ, ಈರುಳ್ಳಿ ಹೂವು. 20 ಸೆಕೆಂಡಿಗೆ ಒಲೆ ಆರಿಸಿ. ಟೊಮೆಟೊ ಬಿಸಿಯಾಗಬೇಕು, ಕರಗಬಾರದು.

ಬಾಣಲೆಯನ್ನು ಒಣ ಬಟ್ಟೆಯಿಂದ ಒರೆಸಿ, ಎರಡನೆಯ ತಟ್ಟೆಗೆ 3ರಿಂದ ಮತ್ತೆ ಶುರು ಮಾಡಿ.

ತಟ್ಟೆಯ ಪಕ್ಕದ ಬಟ್ಟಲು

ಖಾವ್ ಪಟ್ ಜೊತೆ ನಾಮ್ ಪ್ಲಾದಲ್ಲಿ ಹಸಿಮೆಣಸಿನಕಾಯಿ ಕೊಚ್ಚಿ ಹಾಕಿದ ಪ್ರಿಕ್ ನಾಮ್ ಪ್ಲಾ ಇಡುತ್ತಾರೆ. ಸಸ್ಯಾಹಾರಕ್ಕೆ 2 ಟೇಬಲ್ ಚಮಚ ಲೈಟ್ ಸೋಯಾ ಸಾಸ್, 1 ಟೇಬಲ್ ಚಮಚ ನಿಂಬೆರಸ, ಅರ್ಧ ಟೀ ಚಮಚ ಸಕ್ಕರೆ, ತೆಳ್ಳಗೆ ಬಿಲ್ಲೆ ಮಾಡಿದ 4 ಮೆಣಸಿನಕಾಯಿ, ಒಂದು ಎಸಳು ಬೆಳ್ಳುಳ್ಳಿ. ಅಲ್ಲಿನ ಚಿಕ್ಕ ಮೆಣಸಿಗೆ ನಮ್ಮ ಸೂಜಿಮೆಣಸು ಸರಿಯಾದ ಜೋಡಿ, ಇಲ್ಲದಿದ್ದರೆ ಖಾರದ ಹಸಿಮೆಣಸು. ಇದನ್ನು ಮೊದಲೇ ಮಾಡಿಟ್ಟರೆ 10 ನಿಮಿಷದಲ್ಲಿ ಖಾರ ರಸಕ್ಕೆ ಇಳಿದಿರುತ್ತದೆ. ತಟ್ಟೆಯಂಚಿಗೆ ನಾಲ್ಕು ಬಿಲ್ಲೆ ಸೌತೆಕಾಯಿ, ಒಂದು ಹೋಳು ನಿಂಬೆ. ನಿಂಬೆ ಹಿಂಡದೆ ತಿಂದರೆ ಅಡುಗೆ ಅರ್ಧಕ್ಕೇ ನಿಂತಂತೆ.

ಕೆಟ್ಟರೆ ಕಾರಣ ಎಲ್ಲಿ

ಮುದ್ದೆಯಾದರೆ ಅನ್ನ ಅತಿ ಬೆಂದಿದೆ, ಇಲ್ಲವೇ ಬಿಸಿಬಿಸಿಯಾಗಿ ಬಾಣಲೆಗೆ ಬಿದ್ದಿದೆ, ಆಮೇಲೆ ಸರಿಪಡಿಸಲಾಗದು. ತಳ ಹಿಡಿದರೆ ಬಾಣಲೆ ಕಾಯುವ ಮೊದಲೇ ಎಣ್ಣೆ ಹಾಕಿದ್ದೀರಿ ಅಥವಾ ಎಣ್ಣೆ ಕಮ್ಮಿಯಾಗಿದೆ. ಸಪ್ಪೆ ಅನ್ನಿಸಿದರೆ ಬಾಣಲೆಗೆ ಮತ್ತೆ ಸೋಯಾ ಸುರಿಯದೆ ಮೊದಲು ನಿಂಬೆ ಹಿಂಡಿ ನೋಡಿ, ಬಹಳ ಸಲ ಕೊರತೆ ಉಪ್ಪಿನದಲ್ಲ, ಹುಳಿಯದು. ಉಪ್ಪು ಜಾಸ್ತಿಯಾದರೆ ತಣ್ಣನೆಯ ಬಿಳಿ ಅನ್ನ ಒಂದು ಹಿಡಿ ಸೇರಿಸಿ ಮತ್ತೆ ಒಂದು ನಿಮಿಷ ಹುರಿಯಿರಿ. ಅನ್ನ ಗಡುಸಾಗಿ ಹಲ್ಲಿಗೆ ಹತ್ತುತ್ತಿದ್ದರೆ ಮಾತ್ರ ಒಂದು ಟೇಬಲ್ ಚಮಚ ನೀರನ್ನು ಅಂಚಿಗೆ ಚಿಮುಕಿಸಿ ಅರ್ಧ ನಿಮಿಷ ಮುಚ್ಚಿ.

ತುಳಸಿ ಜಾತಿಯ ಎಲೆಯೊಂದಿಗೆ

ಖಾವ್ ಪಟ್ ಕಪ್ರಾವ್ ಎಂಬ ಬಗೆಗೆ ಹಾಕುವ ಕಪ್ರಾವ್ ಎಲೆ ನಮ್ಮ ತುಳಸಿಯ ಪ್ರಭೇದವೇ. ಪೂಜೆಯ ಗಿಡವನ್ನು ಒಗ್ಗರಣೆಗೆ ಹಾಕಲು ಮನಸ್ಸು ಒಪ್ಪದಿದ್ದರೆ, ಅದು ಸಹಜವೇ, ಕಾಮಕಸ್ತೂರಿ ಬಳಸಿ. ಥಾಯ್ ಅಡುಗೆಯ ಇನ್ನೊಂದು ಎಲೆ ಹೊರಪಾ ಆ ಜಾತಿಯದು. ಸೋಂಪಿನ ಘಮ, ಖಾರ ಕಡಿಮೆ. ಈ ಬಗೆಗೆ ಬೇರು, ಬಿಳಿ ಮೆಣಸಿನ ಬದಲು 5 ಹಸಿಮೆಣಸನ್ನು ಬೆಳ್ಳುಳ್ಳಿಯ ಜೊತೆ ಕುಟ್ಟಿ. ಟೊಮೆಟೊ ಬೇಡ. ಒಂದು ಕಪ್ ಎಲೆಯನ್ನು ಒಲೆ ಆರಿಸಿದ ಮೇಲೆ ಹಾಕಿ ಮಗುಚಿ, ಬಾಣಲೆಯ ಬಿಸಿಗೇ ಬಾಡಲಿ. ಉರಿಯಲ್ಲಿ ಹುರಿದರೆ ಕಪ್ಪಾಗಿ ಪರಿಮಳ ಹಾರಿಹೋಗುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ

ಥಾಯ್ಲೆಂಡಿನಲ್ಲಿ ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ "ಜೇ" ವ್ರತ ಹಿಡಿಯುತ್ತಾರೆ, ಫುಕೆಟ್‌ನಲ್ಲಿ ಅದು ದೊಡ್ಡ ಹಬ್ಬ. ಬಹುತೇಕ ನಮ್ಮ ನವರಾತ್ರಿಯ ಆಸುಪಾಸಿಗೇ ಬೀಳುತ್ತದೆ. ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಹಳದಿ ಬಾವುಟದ ಮೇಲೆ ಕೆಂಪಕ್ಷರ, ದೂರದಿಂದ 17 ಎಂಬ ಇಂಗ್ಲಿಷ್ ಅಂಕಿಯಂತೆ ಕಾಣುವುದು, ಅದರ ಗುರುತು. ಅಲ್ಲಿಗೆ ಹೋಗುವ ಸಸ್ಯಾಹಾರಿಗಳು ಈ ಬಾವುಟ ಇರುವ ಅಂಗಡಿಯಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದು.

ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಮನೆಗಳಿಗೆ ಈ ಜೇ ಬಗೆ ಹೇಳಿ ಮಾಡಿಸಿದಂತಿದೆ. ಬೆಳ್ಳುಳ್ಳಿ ಬದಲು ಒಂದಿಂಚು ಶುಂಠಿಯನ್ನು ಬೇರು, ಬಿಳಿ ಮೆಣಸಿನ ಜೊತೆ ಕುಟ್ಟಿ. 3 ಒಣ ಶಿಟಾಕೆ ಅಣಬೆಯನ್ನು ಅರ್ಧ ಕಪ್ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಸೀಳಿ ತೋಫುವಿನ ಜೊತೆ ಹುರಿಯಿರಿ. ನೆನೆಸಿದ ನೀರನ್ನು ಚೆಲ್ಲದೆ 1 ಟೇಬಲ್ ಚಮಚಕ್ಕೆ ಇಳಿಯುವವರೆಗೆ ಕುದಿಸಿ ಸಾಸಿಗೆ ಸೇರಿಸಿ. ಅಣಬೆಯನ್ನೂ ಮುಟ್ಟದವರು ಅದರ ಸಾಸನ್ನು ಬಿಟ್ಟು, ಲೈಟ್ ಸೋಯಾವನ್ನು 2 ಟೇಬಲ್ ಚಮಚಕ್ಕೆ ಏರಿಸಿ, ಹುರಿದ ಗೋಡಂಬಿ ಒಂದು ಹಿಡಿ ಹಾಕಿಕೊಳ್ಳಬಹುದು.

ಮಕ್ಕಳ ಡಬ್ಬಿಗೆ ಕಳಿಸುವುದಿದ್ದರೆ ಟೊಮೆಟೊ ಬಿಡಿ, ಅನ್ನವನ್ನು ತಟ್ಟೆಯಲ್ಲಿ 10 ನಿಮಿಷ ಹರಡಿ ಆವಿ ಹೋದ ಮೇಲೆ ತುಂಬಿ, ಸೌತೆಕಾಯಿ, ನಿಂಬೆ ಬೇರೆ ಡಬ್ಬಿಯಲ್ಲಿಡಿ. ಬೆಳಿಗ್ಗೆ ತುಂಬಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಬೇಕು. ಡಬ್ಬಿಯಲ್ಲಿ ಉಳಿದು ಮನೆಗೆ ಬಂದದ್ದನ್ನು ಸಂಜೆಗೆ ಮತ್ತೆ ಬಿಸಿ ಮಾಡಿ ಕೊಡಬೇಡಿ.